ಸೆಂಟರ್‌ಬೋರ್ಡಿಗೆ ಸೀಸ ತುಂಬುವ ಮುಂಚೆ

"ಸರ್, ಸೆಂಟರ್‌ಬೋರ್ಡ್ ಸ್ವಲ್ಪ ಭಾರವಾಗಿಯೇ ಇರಲಿ. ಮನೆಯವರೆಲ್ಲ ಹತ್ತುತ್ತಾರೆ, ದೋಣಿ ಮಗುಚಬಾರದು ನೋಡಿ."

ಸಣ್ಣ ಹಾಯಿದೋಣಿ ಮಾಡಿಸಲು ಬರುವವರು ಈ ಮಾತು ಹೇಳದೆ ಹೋಗುವುದೇ ಅಪರೂಪ. ಸೆಂಟರ್‌ಬೋರ್ಡ್ ಅಂದರೆ ದೋಣಿಯ ತಳದ ನಡುವಿನ ಸೀಳಿನಿಂದ ನೀರಿಗೆ ಇಳಿಸುವ ಹಲಗೆ. ಹಾಯಿಯ ಬಣ್ಣ ಯಾವುದು, ಹೆಸರು ಏನಿಡುವುದು, ಟ್ರೇಲರನ್ನು ಯಾವ ಕಾರಿಗೆ ಕಟ್ಟಬಹುದು, ಎಲ್ಲ ಮುಗಿದ ಮೇಲೆ ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತು ಹೇಳುತ್ತಾರೆ. ಕೆಲವರು ನಕ್ಷೆಯ ಮೇಲೆ ತಾವೇ ಪೆನ್ಸಿಲ್ ಹಿಡಿದು ಬೋರ್ಡನ್ನು ಒಂದಡಿ ಉದ್ದ ಮಾಡಿ, ತುದಿಗೆ ‘ಸೀಸ’ ಎಂದು ಬರೆದುಕೊಂಡೇ ಬಂದಿರುತ್ತಾರೆ. ಭಯದಿಂದ ಹುಟ್ಟುವ ಮಾತು ಅದು. ಭಯದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹೇಳಿದ್ದನ್ನೇ ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಒಮ್ಮೆ ಉದ್ದಕ್ಕೆ ಬರೆದುಬಿಡುತ್ತೇನೆ.

ಸಣ್ಣ ದೋಣಿಯ ಸೆಂಟರ್‌ಬೋರ್ಡಿಗೆ ಇರುವುದು ಒಂದೇ ಕೆಲಸ. ದೋಣಿ ಪಕ್ಕಕ್ಕೆ ಜಾರದಂತೆ ನೋಡಿಕೊಳ್ಳುವುದು. ಮಗುಚದಂತೆ ಹಿಡಿಯುವ ಕೆಲಸವನ್ನು ಅದಕ್ಕೆ ಯಾರೂ ಕೊಟ್ಟಿಲ್ಲ.

ಗೊಂದಲ ಎಲ್ಲಿಂದ ಬರುತ್ತದೆ ಅನ್ನುವುದು ನನಗೆ ಗೊತ್ತು. ಗೋವಾದಲ್ಲಿ ಕಟ್ಟಿದ ‘ಮ್ಹಾದೇಯಿ’ 2009-10ರಲ್ಲಿ ಭೂಮಿ ಸುತ್ತಿ ಬಂತು. 2017-18ರಲ್ಲಿ ‘ತಾರಿಣಿ’ಯಲ್ಲಿ ನೌಕಾಪಡೆಯ ಆರು ಮಹಿಳೆಯರು ಸುತ್ತಿ ಬಂದರು. ಅಂಥ ದೋಣಿಗಳನ್ನು ದಡಕ್ಕೆ ಎತ್ತಿದಾಗ ತೆಗೆದ ಫೋಟೊಗಳನ್ನು ಜನ ನೋಡಿರುತ್ತಾರೆ. ಒಡಲಿನ ಕೆಳಗೆ ಕೀಲ್ ಅನ್ನುವ ದೊಡ್ಡ ಹಲಗೆಯಂಥದ್ದು ಇಳಿಬಿದ್ದಿರುತ್ತದೆ. ಆ ಕೀಲ್‌ನಲ್ಲಿ ಟನ್‌ಗಟ್ಟಲೆ ತೂಕ ಇರುತ್ತದೆ, ಅದು ದೋಣಿಯನ್ನು ನೆಟ್ಟಗೆ ನಿಲ್ಲಿಸುತ್ತದೆ. ಅದೂ ನಿಜ. ಆಮೇಲೆ ನಮ್ಮವರು ತಮ್ಮ ಹನ್ನೆರಡು ಅಡಿಯ ದೋಣಿಯ ಕೆಳಗೆ ಇಣುಕುತ್ತಾರೆ. ಅಲ್ಲೂ ಏನೋ ಒಂದು ಇಳಿಬಿದ್ದಿದೆ. ಅದೂ ಇದೇ ಕೆಲಸ ಮಾಡುತ್ತಿರಬೇಕು ಅಂದುಕೊಳ್ಳುತ್ತಾರೆ. ಐವತ್ತಾರು ಅಡಿಯ ಸಾಗರದ ದೋಣಿಯಲ್ಲಿ ಕೀಲ್ ಎರಡು ಕೆಲಸ ಮಾಡುತ್ತದೆ: ಜಾರದಂತೆ ಹಿಡಿಯುತ್ತದೆ, ತೂಕದಿಂದ ನಿಲ್ಲಿಸುತ್ತದೆ. ಸಣ್ಣ ದೋಣಿಯಲ್ಲಿ ಎರಡನೇ ಕೆಲಸ ದೋಣಿಯಲ್ಲಿ ಕೂತವರದ್ದು. ಅಂದರೆ ನಿಮ್ಮದು.

ಲೆಕ್ಕ ಹಾಕಿ ತೋರಿಸುತ್ತೇನೆ. ಲೆಕ್ಕ ಇಷ್ಟವಿಲ್ಲದವರು ಕೂಡ ದಯವಿಟ್ಟು ಇದನ್ನು ದಾಟಿ ಓಡಬೇಡಿ, ಎಂಟನೇ ಕ್ಲಾಸಿನ ಗುಣಾಕಾರ ಅಷ್ಟೇ.

ಎಂಟರ್‌ಪ್ರೈಸ್ ದೋಣಿಯನ್ನೇ ತೆಗೆದುಕೊಳ್ಳೋಣ. ಜ್ಯಾಕ್ ಹೋಲ್ಟ್ 1956ರಲ್ಲಿ ವಿನ್ಯಾಸ ಮಾಡಿದ್ದು. ನಮ್ಮ ದೇಶದ ಹಲವು ಕ್ಲಬ್‌ಗಳಲ್ಲಿ ಜನ ಕಲಿತದ್ದೇ ಅದರಲ್ಲಿ. ಉದ್ದ ನಾಲ್ಕು ಮೀಟರಿಗಿಂತ ಚೂರು ಜಾಸ್ತಿ, ಅಗಲ ಸುಮಾರು 1.6 ಮೀಟರ್, ಹಾಯಿ ಸುಮಾರು 10 ಚದರ ಮೀಟರ್. ಒಡಲಿನ ತೂಕ ನೂರು ಕೆ.ಜಿ.ಯ ಒಳಗೇ. ಅದರಲ್ಲಿ ತಲಾ 70 ಕೆ.ಜಿ.ಯ ಇಬ್ಬರು ಅಂಚಿನ ಮೇಲೆ ಕೂತು ಸ್ವಲ್ಪ ಹೊರಗೆ ಬಾಗಿದ್ದಾರೆ ಅನ್ನಿ. ಅವರ ತೂಕ ದೋಣಿಯ ನಡುಗೆರೆಯಿಂದ ಒಂದು ಮೀಟರ್ ಆಚೆ ಬೀಳುತ್ತದೆ. ಅಂದರೆ 140 ಕೆ.ಜಿ. ಗುಣಿಸು 1 ಮೀಟರ್. ದೋಣಿಯನ್ನು ನೆಟ್ಟಗೆ ಹಿಡಿಯಲು ನಿಮ್ಮ ಹತ್ತಿರ ಇರುವ ಬಲ, ಕೆ.ಜಿ.-ಮೀಟರ್ ಲೆಕ್ಕದಲ್ಲಿ, 140.

ಈಗ ಆ ಬೋರ್ಡಿಗೆ ಇಪ್ಪತ್ತು ಕೆ.ಜಿ. ಉಕ್ಕು ಹಾಕಿ. ನೀರಿನಲ್ಲಿ ಮುಳುಗಿದ ಉಕ್ಕು ತನ್ನ ತೂಕದ ಎಂಟರಲ್ಲೊಂದು ಪಾಲು ಕಳೆದುಕೊಳ್ಳುತ್ತದೆ. ಉಳಿದದ್ದು ಹದಿನೇಳೂವರೆ ಕೆ.ಜಿ. ಬೋರ್ಡಿನ ನಡುಭಾಗ ಒಡಲಿನಿಂದ ಅರ್ಧ ಮೀಟರ್ ಕೆಳಗಿದೆ. ದೋಣಿ ನೆಟ್ಟಗಿರುವಾಗ ಈ ತೂಕ ಏನೂ ಮಾಡುವುದಿಲ್ಲ, ಸುಮ್ನೆ ನೇತಾಡುತ್ತಿರುತ್ತದೆ. ಕೆಳಗಿರುವ ತೂಕಕ್ಕೆ ಕೆಲಸ ಬರಬೇಕಾದರೆ ದೋಣಿ ಮೊದಲು ವಾಲಬೇಕು. ಹತ್ತು ಡಿಗ್ರಿ ವಾಲಿದಾಗ ಅದರಿಂದ ಸಿಗುವ ಬಲ ಸುಮಾರು ಒಂದೂವರೆ. ಇಪ್ಪತ್ತು ಡಿಗ್ರಿ ವಾಲಿದಾಗ ಮೂರು. ನಿಮ್ಮ 140ರ ಮುಂದೆ ಮೂರು! 70 ಕೆ.ಜಿ.ಯ ಒಬ್ಬ ಮನುಷ್ಯ ನಾಲ್ಕೈದು ಸೆಂಟಿಮೀಟರ್ ಆಚೆ ಜರುಗಿ ಕೂತರೆ ಅಷ್ಟೇ ಬಲ ಸಿಗುತ್ತದೆ. ಇಪ್ಪತ್ತು ಕೆ.ಜಿ. ಉಕ್ಕು ಕೊಂಡು, ಕತ್ತರಿಸಿ, ತುಕ್ಕು ಹಿಡಿಯದಂತೆ ಬಣ್ಣ ಬಳಿದು, ಪ್ರತಿ ಸಲ ಅದನ್ನು ಹೊತ್ತು, ಕೊನೆಗೆ ನೀವು ಗಳಿಸಿದ್ದು ನಾಲ್ಕೂವರೆ ಸೆಂಟಿಮೀಟರ್ ಜರುಗಿದ್ದಕ್ಕೆ ಸಮ.

ಇದನ್ನು ನಾನು ಬಾಯಲ್ಲಿ ಹೇಳಿದಾಗ ಯಾರೂ ಒಪ್ಪುವುದಿಲ್ಲ. "ಆದರೂ ಸರ್, ಸ್ವಲ್ಪ ತೂಕ ಇದ್ದರೆ ಒಳ್ಳೇದಲ್ವಾ?" ಅಂತಾರೆ. ಬೆಂಗಳೂರಿನಿಂದ ಬಂದಿದ್ದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಅಂತೂ ನನ್ನನ್ನು ಕೇಳದೆಯೇ ಹತ್ತು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಕತ್ತರಿಸಿ ತಂದುಬಿಟ್ಟಿದ್ದರು. ತಾವೇ ಅಪಾರ್ಟ್‌ಮೆಂಟಿನ ಕೆಳಗೆ, ಪಾರ್ಕಿಂಗ್ ಜಾಗದಲ್ಲಿ ಪ್ಲೈವುಡ್ ಹೊಲಿದು ಕಟ್ಟಿದ ದೋಣಿ. ಕೆಲಸ ಚೆಂದ ಮಾಡಿದ್ದರು, ಅದರಲ್ಲಿ ಎರಡು ಮಾತಿಲ್ಲ. ತಗಡನ್ನು ಕಾರಿನ ಡಿಕ್ಕಿಯಿಂದ ಇಳಿಸಲು ಇಬ್ಬರು ಬೇಕಾಯಿತು. ನಮ್ಮ ಶೆಡ್ಡಿನ ಹಿರಿಯ ಆಚಾರಿ ಅದನ್ನು ನೋಡಿ, "ಇದೆಂತ ಮಾರಾಯ್ರೆ, ದೋಣಿಗೋ, ಸೇತುವೆಗೋ?" ಎಂದು ಕೇಳಿದರು. ಎಂಜಿನಿಯರ್ ನಗಲಿಲ್ಲ. ಅವರ ಮಾವ ಜೊತೆಗೆ ಬಂದಿದ್ದರು. ತೂಕ ಬೇಕು ಅನ್ನುವುದು ಅಸಲಿಗೆ ಅವರ ಹಟ. ಮಗಳು, ಮೊಮ್ಮಗಳು ಹತ್ತುವ ದೋಣಿ ಅಲ್ವಾ. ಅವರ ಮುಂದೆ ಸೈನ್, ಕೊಸೈನ್ ಅಂತ ಶುರುಮಾಡಿದರೆ ಏನು ಪ್ರಯೋಜನ? ತಗಡನ್ನು ಬದಿಗಿಟ್ಟು, ಮರದ ಬೋರ್ಡು ಹಾಕಿ, ದೋಣಿಯನ್ನು ಹೊಳೆಗಿಳಿಸಿ ಅವರನ್ನೇ ಕೂರಿಸಿದೆವು. ಅತ್ತಿಂದಿತ್ತ ಒಂದು ಗೇಣು ಸರಿಯಿರಿ ಅಂದೆ. ಸರಿದರು. ದೋಣಿ ಪೂರ್ತಿ ವಾಲಿತು, ಅವರು ಕೂಗಿದರು, ವಾಪಸ್ ಸರಿದರು, ಅದು ನೆಟ್ಟಗಾಯಿತು. ಆಮೇಲೆ ತಗಡಿನ ಮಾತು ಬರಲಿಲ್ಲ. ಆ ತಗಡು ಈಗ ನಮ್ಮಲ್ಲಿ ಅಂಟು ಒಣಗುವಾಗ ಹಲಗೆ ಅದುಮಲು ಬಳಕೆಯಾಗುತ್ತಿದೆ.

ಭಾರ ಬೇಡ, ಸರಿ. ಉದ್ದ ಮಾಡಿದರೆ? ಅದು ಇನ್ನೂ ಕೆಡುಕು.

ಹಾಯಿಗೆ ಗಾಳಿ ತಗಲುವ ಬಲವೆಲ್ಲ ಒಂದು ಬಿಂದುವಿನಲ್ಲಿ ಸೇರುತ್ತದೆ ಅಂದುಕೊಳ್ಳಿ. ನಮ್ಮ ದೋಣಿಯಲ್ಲಿ ಅದು ನೀರಿನಿಂದ ಸುಮಾರು ಎರಡೂವರೆ ಮೀಟರ್ ಮೇಲೆ. ಅದಕ್ಕೆ ಎದುರಾಗಿ ನೀರು ಬೋರ್ಡನ್ನು ಆಚೆಯಿಂದ ಒತ್ತುವ ಜಾಗ ನೀರಿನಿಂದ ಅರ್ಧ ಮೀಟರ್ ಕೆಳಗೆ. ಮೇಲೆ ಗಾಳಿ ಒಂದು ಕಡೆ ನೂಕುತ್ತದೆ, ಕೆಳಗೆ ನೀರು ಇನ್ನೊಂದು ಕಡೆ ನೂಕುತ್ತದೆ. ದೋಣಿಯನ್ನು ವಾಲಿಸುವುದು ಈ ಜೋಡಿಯೇ. ಇವೆರಡರ ನಡುವೆ ಮೂರು ಮೀಟರ್ ಅಂತರ. ನಿಮ್ಮ ಬಲ 140. ಮೂರರಿಂದ ಭಾಗಿಸಿದರೆ ಸುಮಾರು 47 ಕೆ.ಜಿ. ಗಾಳಿಯ ಪಕ್ಕದ ನೂಕು ಅದಕ್ಕಿಂತ ಜಾಸ್ತಿಯಾದರೆ ನೀವು ಹಾಯಿ ಸಡಿಲಿಸಲೇಬೇಕು, ಇಲ್ಲವಾದರೆ ಮಗುಚುತ್ತೀರಿ.

ಈಗ ಬೋರ್ಡನ್ನು ಒಂದಡಿ ಉದ್ದ ಮಾಡಿ. ನೀರು ಒತ್ತುವ ಜಾಗ ಅರ್ಧ ಅಡಿ ಕೆಳಗೆ ಹೋಗುತ್ತದೆ. ಅಂತರ 3.15 ಮೀಟರ್ ಆಯಿತು. ತಾಳಬಲ್ಲ ನೂಕು 47ರಿಂದ 44ಕ್ಕೆ ಇಳಿಯಿತು. ಅಂದರೆ ಮಗುಚಬಾರದು ಅಂತ ಮಾಡಿದ ಕೆಲಸದಿಂದ ದೋಣಿ ಮೊದಲಿಗಿಂತ ಬೇಗ ಮಗುಚುತ್ತದೆ. ದೊಡ್ಡ ವ್ಯತ್ಯಾಸವಲ್ಲ, ಒಪ್ಪುತ್ತೇನೆ. ಆದರೆ ನಡೆದದ್ದು ನೀವು ಬಯಸಿದ್ದಕ್ಕೆ ಉಲ್ಟಾ.

ಗಾಳಿ ಜೋರಾದಾಗ ಅನುಭವ ಇರುವವರು ಬೋರ್ಡನ್ನು ಸ್ವಲ್ಪ ಮೇಲೆ ಎತ್ತಿಕೊಳ್ಳುವುದನ್ನು ನೋಡಿದ್ದೀರಾ? ಹೊಸಬರಿಗೆ ಅದು ಹುಚ್ಚು ಧೈರ್ಯದಂತೆ ಕಾಣುತ್ತದೆ. ಅವರು ಮಾಡುತ್ತಿರುವುದು ಇದೇ ಲೆಕ್ಕ. ಎತ್ತಿದರೆ ದೋಣಿ ಚೂರು ಪಕ್ಕಕ್ಕೆ ಜಾರುತ್ತದೆ, ಆದರೆ ಕಡಿಮೆ ವಾಲುತ್ತದೆ. ಗಾಳಿ ಹಿಂದಿನಿಂದ ಬರುವಾಗ ಅಂತೂ ಬೋರ್ಡ್ ಪೂರ್ತಿ ಇಳಿದಿದ್ದರೆ ಅಪಾಯ. ಅಲೆಯೊಂದು ದೋಣಿಯನ್ನು ಅಡ್ಡಕ್ಕೆ ತಿರುಗಿಸಿದಾಗ ಒಡಲು ಪಕ್ಕಕ್ಕೆ ಜಾರಿ ಸುಧಾರಿಸಿಕೊಳ್ಳಬೇಕು. ಆಳಕ್ಕೆ ಇಳಿದ ಬೋರ್ಡ್ ಜಾರಲು ಬಿಡುವುದಿಲ್ಲ. ಕಾಲು ತೊಡರಿದವರ ಹಾಗೆ ದೋಣಿ ಬೋರ್ಡಿನ ಮೇಲೆ ಎಡವಿ ಬೀಳುತ್ತದೆ. ಆದರೂ ಪೂರ್ತಿ ಮೇಲೆ ಎಳೆದುಬಿಡಬೇಡಿ, ಕಾಲು ಭಾಗವಾದರೂ ಇಳಿದಿರಲಿ. ಇಲ್ಲದಿದ್ದರೆ ದೋಣಿ ಎಡಬಲ ಹೊಯ್ದಾಡುತ್ತದೆ, ಚುಕ್ಕಾಣಿಗೂ ಹಿಡಿತ ಸಿಗುವುದಿಲ್ಲ.

ಇನ್ನೊಂದು ಗುಂಪು ಇದೆ. ಅವರಿಗೆ ಮಗುಚುವ ಭಯ ಇಲ್ಲ. ಅವರ ದೂರು, "ಸರ್, ದೋಣಿ ಪಕ್ಕಕ್ಕೆ ಜಾರುತ್ತೆ. ಬೋರ್ಡ್ ಸಣ್ಣದಾಯ್ತು." ಇವರಾದರೂ ಬೋರ್ಡಿನ ನಿಜವಾದ ಕೆಲಸದ ಬಗ್ಗೆ ಮಾತಾಡುತ್ತಿದ್ದಾರೆ ಎಂಬ ಸಮಾಧಾನ ನನಗೆ. ಆದರೆ ಹೆಚ್ಚಿನ ಸಲ ತೊಂದರೆ ಬೋರ್ಡಿನ ಅಳತೆಯಲ್ಲಿ ಇರುವುದಿಲ್ಲ.

ಯಾರಾದರೂ ದೋಣಿಯನ್ನು ಹುಟ್ಟು ಹಾಕಿ ಓಡಿಸುತ್ತಿರುವಾಗ ಇನ್ನೊಂದು ಹುಟ್ಟಿನ ಹಲಗೆಯನ್ನು ಬದಿಯಲ್ಲಿ ನೆಟ್ಟಗೆ ನೀರಿಗಿಳಿಸಿ ಹಿಡಿದು ನೋಡಿ. ಹಲಗೆಯ ಅಂಚು ಮುಂದಕ್ಕಿದ್ದರೆ ಕೈಗೆ ಏನೂ ಗೊತ್ತಾಗುವುದಿಲ್ಲ. ನಾಲ್ಕೈದು ಡಿಗ್ರಿ ತಿರುಗಿಸಿ. ತೋಳನ್ನೇ ಪಕ್ಕಕ್ಕೆ ಎಳೆಯುತ್ತದೆ. ಇನ್ನೂ ತಿರುಗಿಸುತ್ತಾ ಹೋಗಿ. ಒಂದು ಹಂತದ ಮೇಲೆ ಪಕ್ಕದ ಎಳೆತ ಹೆಚ್ಚುವುದಿಲ್ಲ, ಹಿಂದಕ್ಕೆ ಎಳೆಯುವುದಷ್ಟೇ ಹೆಚ್ಚುತ್ತದೆ, ಹಲಗೆಯ ಬೆನ್ನಿನಲ್ಲಿ ನೀರು ಸುಳಿ ಸುಳಿಯಾಗಿ ಒಡೆಯುತ್ತದೆ. ಅದೇ ಸ್ಟಾಲ್. ಬೋರ್ಡ್ ಗೋಡೆಯ ಹಾಗೆ ನಿಂತು ತಡೆಯುವುದಿಲ್ಲ, ರೆಕ್ಕೆಯಾಗಿ ಕೆಲಸ ಮಾಡುತ್ತದೆ. ರೆಕ್ಕೆಗೆ ಓಟ ಬೇಕು. ಓಟ ಇಲ್ಲದಿದ್ದರೆ ಅದು ಬರೀ ಹಲಗೆ.

ಎಷ್ಟು ಓಟ? ಬೋರ್ಡಿನ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನೀರಿನಲ್ಲಿ ಒಂದು ಮೀಟರ್ ಆಳ, 35 ಸೆಂಟಿಮೀಟರ್ ಅಗಲ ಇರುವ ಬೋರ್ಡ್, ಅಂದರೆ 0.35 ಚದರ ಮೀಟರ್. ದೋಣಿ ಸೆಕೆಂಡಿಗೆ ಎರಡೂವರೆ ಮೀಟರ್, ಅಂದರೆ ಸುಮಾರು ಐದು ನಾಟ್ ವೇಗದಲ್ಲಿ ಹೋಗುತ್ತಿದ್ದರೆ ಆ 47 ಕೆ.ಜಿ. ನೂಕನ್ನು ತಡೆಯಲು ಐದು ಡಿಗ್ರಿ ಜಾರಿದರೆ ಸಾಕು. ಒಡಲು, ಚುಕ್ಕಾಣಿಯೂ ಕೈ ಜೋಡಿಸುವುದರಿಂದ ಅದು ನಾಲ್ಕೇ ಡಿಗ್ರಿ ಆಗಬಹುದು. ಒಳ್ಳೆಯ ಲೆಕ್ಕ ಅದು. ವೇಗ ಅರ್ಧ ಆಗಲಿ. ಅದೇ ಬೋರ್ಡಿನ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಆಗಲೂ 47 ಕೆ.ಜಿ. ನೂಕನ್ನು ಅದರ ಮೇಲೆ ಹೇರಿದರೆ ಸ್ಟಾಲ್ ಆಗದೆ ಬೇರೆ ದಾರಿಯೇ ಇಲ್ಲ. ಇದನ್ನು ಅಳತೆ ಹೆಚ್ಚಿಸಿ ಸರಿ ಮಾಡುತ್ತೇನೆ ಅಂತ ಹೊರಟರೆ ನಾಲ್ಕು ಪಟ್ಟು ದೊಡ್ಡ ಬೋರ್ಡ್ ಬೇಕು. ಒಂದು ಸಣ್ಣ ಬಾಗಿಲಿನಷ್ಟಾಯಿತು.

ದೂರು ಹೇಳುವವರ ಜೊತೆ ನೀರಿಗಿಳಿದು ನೋಡಿದರೆ ನಡೆಯುವುದು ಇಷ್ಟೇ. ಟ್ಯಾಕ್ ಮಾಡಿ ಗಾಳಿಯ ಇನ್ನೊಂದು ಬದಿಗೆ ತಿರುಗಿದ್ದಾರೆ. ದೋಣಿ ಹೆಚ್ಚುಕಡಿಮೆ ನಿಂತುಹೋಗಿದೆ. ತಕ್ಷಣ ಹಾಯಿಯನ್ನು ಬಿಗಿಯಾಗಿ ಎಳೆದು, ಮೂಗನ್ನು ಗಾಳಿಗೆ ತೀರಾ ಹತ್ತಿರ ಹಿಡಿದಿದ್ದಾರೆ. ಬೋರ್ಡಿಗೆ ನೀರಿನ ಓಟವೇ ಸಿಕ್ಕಿಲ್ಲ. ಜಾರದೆ ಇನ್ನೇನು ಮಾಡೀತು? ಹಾಯಿ ಚೂರು ಬಿಡಿ, ಮೂಗನ್ನು ಐದು ಹತ್ತು ಡಿಗ್ರಿ ಆಚೆ ತಿರುಗಿಸಿ, ದೋಣಿ ಓಡಲಿ, ಆಮೇಲೆ ನಿಧಾನವಾಗಿ ಎಳೆದುಕೊಳ್ಳಿ. ಇದು ದೋಣಿ ಓಡಿಸುವ ಪಾಠ, ಬೋರ್ಡಿನ ವಿನ್ಯಾಸ ಅಲ್ಲ. ಆದರೆ ಅರ್ಧ ಜನ ಓಡಿಸುವ ಪಾಠಕ್ಕೆ ಬದಲಾಗಿ ಬಡಗಿ ಕೆಲಸ ಕೇಳಿಕೊಂಡು ಬರುತ್ತಾರೆ. ಬಿಲ್ ಮಾಡಿ ಸುಮ್ಮನಿರಬಹುದಿತ್ತು ನಾನು.

ಇಷ್ಟೆಲ್ಲ ಹೇಳಿದ ಮೇಲೆ ಅಳತೆ ಎಷ್ಟಿರಬೇಕು ಅಂತ ಹೇಳದಿದ್ದರೆ ತಪ್ಪಾಗುತ್ತದೆ. ಹಾಯಿಯ ವಿಸ್ತೀರ್ಣದ ಶೇಕಡಾ ನಾಲ್ಕರ ಆಸುಪಾಸು. ಮೂರೂವರೆಯಿಂದ ಐದರವರೆಗೆ ಯಾವುದೂ ನಡೆಯುತ್ತದೆ. ನಿಧಾನದ ದೋಣಿಗೆ ಜಾಸ್ತಿ, ಚುರುಕಿನದಕ್ಕೆ ಕಡಿಮೆ. ಅಷ್ಟೇ ವಿಸ್ತೀರ್ಣವನ್ನು ಅಗಲ ಕಡಿಮೆ ಮಾಡಿ ಆಳಕ್ಕೆ ಇಳಿಸಿದರೆ ಬೋರ್ಡ್ ಚೆನ್ನಾಗಿ ಎಳೆಯುತ್ತದೆ, ಆದರೆ ಬೇಗ ಸ್ಟಾಲ್ ಆಗುತ್ತದೆ, ಬುಡದಲ್ಲಿ ಮುರಿಯುವ ಭಯವೂ ಹೆಚ್ಚು. ಕಲಿಯುವವರಿಗೆ ಕುಳ್ಳಗೆ, ಅಗಲಕ್ಕೆ ಇರುವ ಬೋರ್ಡೇ ಕ್ಷಮಿಸುವ ಬೋರ್ಡ್. ಹಾಗೆ ನೋಡಿದರೆ ನಮ್ಮ ಕಡೆ ಆಳ ತೀರ್ಮಾನ ಮಾಡುವುದು ಲೆಕ್ಕವಲ್ಲ, ಹೊಳೆ. ಕುಂದಾಪುರ, ಹೊನ್ನಾವರದ ಅಳಿವೆಗಳಲ್ಲಿ ಮರಳಿನ ದಿಬ್ಬ ಮಳೆಗಾಲ ಕಳೆದ ಮೇಲೆ ಎಲ್ಲಿ ಎದ್ದಿರುತ್ತದೆ ಅಂತ ಮೀನುಗಾರರಿಗೂ ಮೊದಲ ವಾರ ಅಂದಾಜಿರುವುದಿಲ್ಲ. ಕೆಆರ್‌ಎಸ್ ಹಿನ್ನೀರಿನಂಥ ಕಡೆ ಬೇಸಿಗೆಯಲ್ಲಿ ನೀರು ಇಳಿದಾಗ ಕಲ್ಲು ಮೇಲೆ ಬರುತ್ತದೆ. ಇಂಥ ನೀರಿಗೆ ನಾನು ಸಾಮಾನ್ಯವಾಗಿ ನೇರ ಇಳಿಸುವ ಡ್ಯಾಗರ್‌ಬೋರ್ಡ್ ಹೇಳುವುದಿಲ್ಲ. ನೆಲಕ್ಕೆ ಬಡಿದರೆ ಬೋರ್ಡ್ ಉಳಿದರೂ ಅದು ಕೂರುವ ಪೆಟ್ಟಿಗೆ, ಅಂದರೆ ಕೇಸ್, ಸೀಳುತ್ತದೆ, ಒಡಲಿನ ನಡುವೆಯೇ ನೀರು ಬರುತ್ತದೆ. ಪಿನ್ನಿನ ಮೇಲೆ ತಿರುಗುವ ಬೋರ್ಡ್ ಬಡಿದ ಕೂಡಲೇ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಕೇಸ್ ಉದ್ದವಾಗುತ್ತದೆ, ಕೂರುವ ಜಾಗ ತಿನ್ನುತ್ತದೆ, ನಿಜ. ಮಕ್ಕಳ ಆಪ್ಟಿಮಿಸ್ಟ್, ದೊಡ್ಡವರ ಲೇಸರ್ ಎರಡಕ್ಕೂ ಡ್ಯಾಗರ್‌ಬೋರ್ಡೇ ಇದೆಯಲ್ಲ ಅಂತ ಕೇಳಬಹುದು. ಅವು ಹಗುರ, ಸರಳ ಇರಬೇಕಾದ ರೇಸಿನ ದೋಣಿಗಳು. ಹೈದರಾಬಾದಿನ ಹುಸೇನ್ ಸಾಗರದಲ್ಲಿ ರೇಸ್ ಓಡುವವರಿಗೆ ಅದು ಸರಿ. ಮನೆಮಂದಿಯನ್ನು ಕೂರಿಸಿಕೊಂಡು ಅಳಿವೆಯಲ್ಲಿ ಸುತ್ತುವವರ ಕಥೆ ಬೇರೆ.

ಅಂದಹಾಗೆ ಆಪ್ಟಿಮಿಸ್ಟ್ ನೋಡಿ. 1947ರಿಂದ ಇದೆ. ಒಡಲು 35 ಕೆ.ಜಿ., ಹಾಯಿ ಮೂರು ಚದರ ಮೀಟರ್ ಚಿಲ್ಲರೆ. ಹತ್ತು ವರ್ಷದ ಮಗು ಒಂಟಿಯಾಗಿ ಓಡಿಸುತ್ತದೆ. ಅದರ ಬೋರ್ಡನ್ನು ಆ ಮಗುವೇ ಒಂದು ಕೈಯಲ್ಲಿ ಎತ್ತಿಕೊಂಡು ಹೋಗುತ್ತದೆ. ಬೋರ್ಡಿನ ತೂಕದಿಂದ ಮಕ್ಕಳ ಜೀವ ಉಳಿಯುವ ಹಾಗಿದ್ದರೆ ಜಗತ್ತಿನ ತಾಯ್ತಂದೆಯರು ಇಷ್ಟು ವರ್ಷ ಬಿಡುತ್ತಿದ್ದರಾ?

ಈ ಹಲಗೆ ಹುಟ್ಟಿದ್ದೂ ತೂಕಕ್ಕಾಗಿ ಅಲ್ಲ. ದಕ್ಷಿಣ ಅಮೆರಿಕದ ಈಕ್ವೆಡಾರ್, ಪೆರು ಕರಾವಳಿಯ ಜನ ತೆಪ್ಪದ ದಿಮ್ಮಿಗಳ ಸಂದಿಯಲ್ಲಿ ‘ಗ್ವಾರಾ’ ಎಂಬ ಹಲಗೆಗಳನ್ನು ಇಳಿಸಿ, ಒಂದನ್ನು ಎತ್ತಿ ಇನ್ನೊಂದನ್ನು ಇಳಿಸುತ್ತಲೇ ದಿಕ್ಕು ಬದಲಿಸುತ್ತಿದ್ದರು. ಚುಕ್ಕಾಣಿಯೇ ಬೇಕಿರಲಿಲ್ಲ. ಕೀಲ್ ಇಲ್ಲದ ಚಪ್ಪಟೆ ತಳದ ಡಚ್ ದೋಣಿಗಳು ಎರಡು ಬದಿಗೆ ಹಲಗೆ ನೇತುಹಾಕಿಕೊಂಡು ಆಳವಿಲ್ಲದ ನೀರಿನಲ್ಲಿ ಓಡಾಡಿದವು. 1809ರಲ್ಲಿ ಫ್ರಾನ್ಸಿನ ವರ್ಡನ್‌ನಲ್ಲಿ ಯುದ್ಧಕೈದಿಯಾಗಿದ್ದ ಬ್ರಿಟಿಷ್ ನೌಕಾಧಿಕಾರಿ ಶುಲ್ಡಮ್ ಪಿನ್ನಿನ ಮೇಲೆ ತಿರುಗುವ ಬೋರ್ಡಿನ ಮಾದರಿ ಮಾಡಿದ. 1811ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಸ್ವೇನ್ ಕುಟುಂಬದವರು ಇಂಥದ್ದಕ್ಕೇ ಪೇಟೆಂಟ್ ಪಡೆದರು. ಎಲ್ಲರ ತಲೆಯಲ್ಲಿ ಇದ್ದ ಪ್ರಶ್ನೆ ಒಂದೇ: ಆಳವಿಲ್ಲದ ನೀರಿಗೆ ಹೋಗಬೇಕು, ಗಾಳಿಗೆ ಎದುರಾಗಿಯೂ ಹೋಗಬೇಕು, ಜಾರಬಾರದು.

ಆಕಾರದ ವಿಷಯಕ್ಕೆ ಬಂದರೆ ಜನ ಮಾಡುವ ಕೆಲಸ ನೋಡಿ ಹೊಟ್ಟೆ ಉರಿಯುತ್ತದೆ. ಮುಂದಿನ ಅಂಚನ್ನು ಕತ್ತಿಯ ಹಾಗೆ ಚೂಪು ಮಾಡುತ್ತಾರೆ. "ನೀರನ್ನು ಸೀಳಬೇಕಲ್ಲ ಸರ್?" ಬೇಡ, ಸೀಳಬೇಡಿ. ಮುಂದಿನ ಅಂಚು ದುಂಡಗೆ, ಮೊಟ್ಟೆಯಂತೆ ಸ್ವಲ್ಪ ನೀಳವಾಗಿ ಇರಬೇಕು. ಚೂಪಾಗಿದ್ದರೆ ಎರಡು ಡಿಗ್ರಿ ಜಾರಿದ ಕೂಡಲೇ ನೀರು ಅಂಚಿನಲ್ಲೇ ಒಡೆದು ಬೇರೆಯಾಗುತ್ತದೆ, ಬೋರ್ಡ್ ಸತ್ತ ಹಾಗೆ. ತೆಳ್ಳಗಾಗಬೇಕಾದ್ದು ಹಿಂದಿನ ಅಂಚು. ಎರಡು ಮೂರು ಮಿಲಿಮೀಟರಿಗೆ ತಂದು, ಚೌಕಾಕಾರವಾಗಿ ಕತ್ತರಿಸಿ ಬಿಟ್ಟುಬಿಡಿ. 1933ರಲ್ಲಿ ಅಮೆರಿಕದ ವಿಮಾನ ಸಂಶೋಧನೆಯ ನಾಕಾ ಸಂಸ್ಥೆ ಪ್ರಕಟಿಸಿದ ರೆಕ್ಕೆಯ ಆಕಾರಗಳಲ್ಲಿ 0012 ಅನ್ನುವುದು ಎಲ್ಲರ ಬಾಯಲ್ಲಿದೆ. ಎರಡು ಬದಿಯೂ ಒಂದೇ ಸಮ, ದಪ್ಪ ಅಗಲದ ಶೇಕಡಾ 12, ಅತಿ ದಪ್ಪ ಇರುವುದು ಮುಂದಿನಿಂದ ಶೇಕಡಾ 30ರ ಜಾಗದಲ್ಲಿ. ಅದನ್ನೇ ಮಾಡುತ್ತೇನೆ ಅಂತ ಹಟ ಹಿಡಿದರೆ 35 ಸೆಂಟಿಮೀಟರ್ ಅಗಲಕ್ಕೆ 42 ಮಿಲಿಮೀಟರ್ ದಪ್ಪ ಬೇಕು. ಮನೆಯಲ್ಲಿ ಕಟ್ಟುವ ದೋಣಿಯ ಕೇಸಿಗೆ ಅದು ಹಿಡಿಸುವುದಿಲ್ಲ. 25 ಮಿಲಿಮೀಟರ್ ದಪ್ಪದಲ್ಲಿ ಮುಂದೆ ಸರಿಯಾಗಿ ದುಂಡು, ಹಿಂದೆ ಉದ್ದಕ್ಕೆ ಇಳಿಜಾರು, ನಡುವೆ ಸ್ವಲ್ಪ ಚಪ್ಪಟೆ ಇದ್ದರೂ ನಡೆಯುತ್ತದೆ. ರೇಸಿನ ದೋಣಿಯಾದರೆ ಆ ಬಗೆಯ ದೋಣಿಗಿರುವ ರೇಸಿನ ನಿಯಮ ಎಷ್ಟು ಕೆತ್ತಲು ಬಿಡುತ್ತದೆ ಅಂತ ಮೊದಲು ನೋಡಿಕೊಳ್ಳಿ.

ಹಿಂದಿನ ಅಂಚಿನ ಬಗ್ಗೆ ಒಂದು ಕಥೆ. ಒಬ್ಬರು ಫೋನ್ ಮಾಡಿ, ದೋಣಿ ವೇಗ ಹಿಡಿದಾಗ ತಳದಿಂದ ಗುಂಯ್ ಅನ್ನುವ ಸದ್ದು ಬರುತ್ತದೆ, ಏನೋ ದೋಷ ಇರಬೇಕು, ಅಮ್ಮ ಪೂಜೆ ಮಾಡಿಸು ಅನ್ನುತ್ತಿದ್ದಾರೆ ಎಂದರು. ಪೂಜೆ ಮಾಡಿಸಿ, ಜೊತೆಗೆ ಬೋರ್ಡನ್ನೂ ತನ್ನಿ ಅಂದೆ. ಹಿಂದಿನ ಅಂಚು ದಪ್ಪಗೆ, ದುಂಡಗೆ ಇತ್ತು. ಅಲ್ಲಿಂದ ಸುಳಿಗಳು ಒಂದೊಂದು ಬದಿಗೆ ಸರದಿಯಂತೆ ಕಳಚಿ ಬೋರ್ಡನ್ನು ನಡುಗಿಸುತ್ತಿದ್ದವು. ಒಂದು ಬದಿಯಿಂದ ಓರೆಯಾಗಿ ಉಜ್ಜಿ ಕೊಟ್ಟೆ. ಸದ್ದು ನಿಂತಿತು. ಅವರ ಅಮ್ಮ ಈಗಲೂ ಗಣಪತಿಗೆ ಒಡೆದ ತೆಂಗಿನಕಾಯಿಯ ಫಲ ಅನ್ನುತ್ತಾರಂತೆ. ನನ್ನ ಕೂಲಿ ಬಂತಲ್ಲ, ನನಗೇನು.

ಈಗ ತೂಕದವರಿಗೆ ಸಲ್ಲಬೇಕಾದ ಎರಡು ಮಾತು ಹೇಳಿಬಿಡುತ್ತೇನೆ. ಮೊದಲನೆಯದು, ಮರದ ಬೋರ್ಡ್ ತೇಲುತ್ತದೆ. ಪಿನ್ನಿನ ಮೇಲೆ ತಿರುಗುವ ಬೋರ್ಡ್ ತಾನಾಗಿ ಇಳಿದು ನಿಲ್ಲಬೇಕಾದರೆ ತುದಿಯ ಹತ್ತಿರ ಎರಡು ಮೂರು ಕೆ.ಜಿ. ಸೀಸ ಹಾಕುವುದುಂಟು. ಅದು ಬೋರ್ಡನ್ನು ಮುಳುಗಿಸಲು, ದೋಣಿಯನ್ನು ನಿಲ್ಲಿಸಲು ಅಲ್ಲ. ಸೀಸದ ಬದಲು ಎಳೆಯುವ ರಬ್ಬರ್ ಹಗ್ಗವೂ ಆಗುತ್ತದೆ, ನನಗೆ ಅದೇ ಇಷ್ಟ. ಸೀಸ ಕರಗಿಸುವವರು ಬಯಲಲ್ಲಿ ಮಾಡಿ, ಅದರ ಹೊಗೆ ಒಳ್ಳೆಯದಲ್ಲ. ಹಸಿ ಮರಕ್ಕೆ ಮಾತ್ರ ಸುರಿಯಲೇಬೇಡಿ, ಸಿಡಿದು ಮುಖಕ್ಕೆ ಬರುತ್ತದೆ. ಎರಡನೆಯದು, ಕೆಲವು ದೊಡ್ಡ ದೋಣಿಗಳಲ್ಲಿ ಎತ್ತಿ ಇಳಿಸುವ ಭಾರದ ಕೀಲ್ ನಿಜಕ್ಕೂ ಇದೆ. ಅಲ್ಲಿ ತೂಕ ನೂರಾರು ಕೆ.ಜಿ., ಎತ್ತಲು ವಿಂಚ್ ಇರುತ್ತದೆ, ಇಡೀ ಒಡಲನ್ನೇ ಆ ತೂಕಕ್ಕೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಅಂಥದ್ದು ಬೇಕಾದವರು ಈ ಅಂಕಣದ ಅಂಕಿಗಳನ್ನು ಬಳಸಬೇಡಿ. ನಾನು ಹೇಳುತ್ತಿರುವುದು ಹತ್ತರಿಂದ ಹದಿನಾರು ಅಡಿಯ ತೆರೆದ ದೋಣಿಗಳ ಬಗ್ಗೆ, ಅದೂ ಅಂದಾಜು ಲೆಕ್ಕ.

ಬೋರ್ಡ್ ಭಾರ ಬೇಡ, ಗಟ್ಟಿ ಬೇಕು. ಇವೆರಡನ್ನೂ ಒಂದೇ ಅಂದುಕೊಳ್ಳಬೇಡಿ. ದೋಣಿ ಮಗುಚಿದಾಗ ನೀವು ಈಜಿಕೊಂಡು ಹೋಗಿ ಹತ್ತಿ ನಿಲ್ಲುವುದು ಇದೇ ಬೋರ್ಡಿನ ಮೇಲೆ. ನಿಮ್ಮ ಪೂರ್ತಿ ತೂಕ ಅದರ ಬುಡವನ್ನು ಮುರಿಯಲು ನೋಡುತ್ತದೆ. ಪ್ಲೈವುಡ್ಡಿನಲ್ಲಿ ಅರ್ಧಕ್ಕರ್ಧ ಪದರಗಳ ನಾರು ಅಡ್ಡಕ್ಕೆ ಇರುತ್ತದೆ, ಅವು ಈ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಪ್ಲೈವುಡ್ ಆದರೆ ಎರಡೂ ಬದಿ ಗ್ಲಾಸ್ ಬಟ್ಟೆ, ಎಪಾಕ್ಸಿ ಹೊದಿಸಲೇಬೇಕು. ಅಂಗಡಿಯಲ್ಲಿ ‘ವಾಟರ್‌ಪ್ರೂಫ್’ ಅಂದದ್ದನ್ನೆಲ್ಲ ತರಬೇಡಿ, ಐಎಸ್ 710 ಮುದ್ರೆ ಇರುವ ಮರೀನ್ ಪ್ಲೈ ಕೇಳಿ. ಅದಕ್ಕಿಂತ ಒಳ್ಳೆಯದು ಮರದ ಪಟ್ಟಿಗಳನ್ನು ಉದ್ದಕ್ಕೆ ಅಂಟಿಸಿ, ಒಂದು ಬಿಟ್ಟು ಒಂದನ್ನು ತಿರುವಿ ಜೋಡಿಸಿ ಮಾಡಿದ ಹಲಗೆ. ಹೀಗೆ ಮಾಡಿದರೆ ತಿರುಚಿಕೊಳ್ಳುವುದು ಕಡಿಮೆ. ಹೆಬ್ಬಲಸು ನಮ್ಮ ಕರಾವಳಿಯ ದೋಣಿಯ ಮರ, ಸಿಕ್ಕರೆ ಬಿಡಬೇಡಿ. ಸಾಗುವಾನಿಯಾದರೆ ಅಂಟಿಸುವ ಮುಂಚೆ ಅಸಿಟೋನ್‌ನಲ್ಲಿ ಒರೆಸಿ, ಅದರ ಎಣ್ಣೆ ಅಂಟನ್ನು ಹಿಡಿಯಲು ಬಿಡುವುದಿಲ್ಲ.

ಮಗುಚಿದ ದೋಣಿ ಪೂರ್ತಿ ತಲೆಕೆಳಗಾದರೆ ಸಡಿಲ ಬೋರ್ಡ್ ಕೇಸಿನೊಳಗೆ ಜಾರಿ ಮಾಯವಾಗುತ್ತದೆ. ಆಗ ಹಿಡಿಯಲು ಏನೂ ಇರುವುದಿಲ್ಲ. ಭಾರದ ಉಕ್ಕಿನ ತಗಡು ಇನ್ನೂ ಬೇಗ ಜಾರುತ್ತದೆ, ದಾರಿಯಲ್ಲಿ ಬೆರಳು ಇದ್ದರೆ ಅದನ್ನೂ ಕೇಳುವುದಿಲ್ಲ. ಹಾಗಾಗಿ ಬೋರ್ಡ್ ಇಟ್ಟಲ್ಲಿ ನಿಲ್ಲುವಷ್ಟು ಬಿಗಿ ಇರಬೇಕು.

ಭಯಕ್ಕೆ ಮದ್ದು ಬೇಕೆಂದರೆ ಕೊಡುತ್ತೇನೆ, ಅದು ಬೋರ್ಡಿನಲ್ಲಿ ಇಲ್ಲ ಅಷ್ಟೇ. ಗಾಳಿ ಹತ್ತು ನಾಟ್‌ನಿಂದ ಹದಿನಾಲ್ಕಕ್ಕೆ ಏರಿದರೆ ಹಾಯಿಯ ಮೇಲಿನ ಬಲ ಎರಡು ಪಟ್ಟಾಗುತ್ತದೆ. ನಮ್ಮ ಕರಾವಳಿಯಲ್ಲಿ ಬೇಸಿಗೆಯ ಮಧ್ಯಾಹ್ನ ಕಡಲಗಾಳಿ ಹಾಗೆ ಏರುವುದು ದಿನದ ಮಾತು. ಆದ್ದರಿಂದ ಹಾಯಿಯನ್ನು ಮಡಚಿ ಚಿಕ್ಕದು ಮಾಡಲು ಬರುವಂತೆ ರೀಫ್ ಹಾಕಿಸಿ. ಹಾಯಿ ಚಿಕ್ಕದಾದರೆ ನೂಕು ಕಡಿಮೆ, ಎತ್ತರವೂ ಕಡಿಮೆ, ಎರಡು ಲಾಭ. ದೋಣಿಯ ಮುಂದೆ, ಹಿಂದೆ, ಬದಿಗಳಲ್ಲಿ ಗಾಳಿ ತುಂಬಿದ ಚೀಲ ಅಥವಾ ಮುಚ್ಚಿದ ಕೋಣೆ ಇರಲಿ. ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಳ್ಳಿ, ಈಜು ಬರುವ ಭಾವನೂ ಸೇರಿ. ಮತ್ತೆ ಗಾಳಿ ಕಡಿಮೆ ಇರುವ ಒಂದು ಬೆಳಿಗ್ಗೆ, ಹಾಯಿಕಂಬ ಕೆಸರಿಗೆ ಚುಚ್ಚದಷ್ಟು ಆಳದ ನೀರಿನಲ್ಲಿ, ಪಕ್ಕದಲ್ಲಿ ಇನ್ನೊಂದು ದೋಣಿ ಇಟ್ಟುಕೊಂಡು, ಬೇಕೆಂದೇ ಮಗುಚಿ. ಬೋರ್ಡಿನ ಮೇಲೆ ನಿಂತು ಎಬ್ಬಿಸಿ. ಮತ್ತೆ ಮಗುಚಿ. ಮಕ್ಕಳಿಗೆ ಇದಕ್ಕಿಂತ ಖುಷಿಯ ಆಟ ಇನ್ನೊಂದಿಲ್ಲ, ದೊಡ್ಡವರೂ ಎರಡನೇ ಸಲಕ್ಕೆ ನಗುತ್ತಾರೆ.

ಬೋರ್ಡಿನ ಜಾಗ ಎಲ್ಲಿ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಕೊಡುವುದಿಲ್ಲ. ಅದು ಹಾಯಿ, ಹಾಯಿಕಂಬ, ಒಡಲು ಮೂರನ್ನೂ ನೋಡದೆ ಹೇಳುವ ಮಾತಲ್ಲ. ಚುಕ್ಕಾಣಿ ಕೈಯಲ್ಲಿ ಜೋರಾಗಿ ಎಳೆಯುತ್ತಾ ದೋಣಿಯ ಮೂಗು ಗಾಳಿಯ ಕಡೆಗೇ ತಿರುಗುತ್ತಿದ್ದರೆ, ಪಿನ್ನಿನ ಬೋರ್ಡನ್ನು ಸ್ವಲ್ಪ ಎತ್ತಿ ಹಿಂದಕ್ಕೆ ಓರೆ ಮಾಡಿ ನೋಡಿ. ಅದರಲ್ಲಿ ಎಳೆತ ಕಡಿಮೆಯಾದರೆ ಕೇಸನ್ನು ಕಿತ್ತು ಜರುಗಿಸುವ ಖರ್ಚು ಉಳಿಯಿತು.

ನಕ್ಷೆ ಬೇಕಾದವರು ನನಗೆ ಹಾಯಿಯ ವಿಸ್ತೀರ್ಣ, ಹಾಯಿಕಂಬದ ಎತ್ತರ, ದೋಣಿಯ ಅಗಲ, ಸಾಮಾನ್ಯವಾಗಿ ಹತ್ತುವವರ ಒಟ್ಟು ತೂಕ, ನಿಮ್ಮ ನೀರಿನ ಅತಿ ಕಡಿಮೆ ಆಳ ಇಷ್ಟು ಬರೆದು ಕಳಿಸಿ. ತೂಕ ಹೇಳುವಾಗ ನಾಚಿಕೆಯಿಂದ ಹತ್ತು ಕೆ.ಜಿ. ಕಡಿಮೆ ಬರೆಯಬೇಡಿ. ಕೇಸ್ ಈಗಾಗಲೇ ಕಟ್ಟಿದ್ದರೆ ಅದರ ಒಳ ಅಗಲವನ್ನು ಮೇಲೆ ಒಂದೇ ಕಡೆ ಅಳೆದು ಕೊಡಬೇಡಿ. ಮೇಲೆ, ನಡುವೆ, ಕೆಳಗೆ, ಮುಂದೆ ಮತ್ತು ಹಿಂದೆ ಎರಡೂ ಕಡೆ ಅಳೆಯಿರಿ. ಅತಿ ಕಿರಿದಾದ ಜಾಗಕ್ಕಿಂತ ಮೂರು ಮಿಲಿಮೀಟರ್ ಕಡಿಮೆ ದಪ್ಪಕ್ಕೆ ಬೋರ್ಡ್ ಮಾಡುತ್ತೇನೆ. ಬಣ್ಣ ಬಳಿಯುವವರು ನಾಲ್ಕು ಕೈ ಬಳಿದು, ಆಮೇಲೆ ಬೋರ್ಡ್ ಇಳಿಯುತ್ತಿಲ್ಲ ಅಂತ ಫೋನ್ ಮಾಡುವುದುಂಟು.